ಮಗು ಮಲಗಿದ ಮೇಲೆ

"ಬರೆಯಬೇಕೆಂದು ಆಸೆ; ಹೊತ್ತೆಲ್ಲಿದೆ?" ಬರೆಯುವ ಹಂಬಲವಿದ್ದೂ ಈ ಮಾತನ್ನು ಒಮ್ಮೆಯಾದರೂ ಆಡದ ಗೃಹಿಣಿ ಇರಲಾರಳು. ಗಂಡಸರೂ ಆಡುತ್ತಾರೆ. ಆದರೆ ಅವರ ಬಾಯಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ಕಛೇರಿಯಿಂದ ಬಂದು ಕೈಕಾಲು ತೊಳೆದು ಕುಳಿತವನ ಎದುರಿಗೆ ಕಾಫಿಯ ಲೋಟ ತಾನಾಗಿ ಬರುವ ಮನೆಗಳು ಇಂದಿಗೂ ಎಷ್ಟೋ ಇವೆ. ಒಲೆಯ ಮುಂದೆ ನಿಂತವಳ ಪಾಡು ಬೇರೆ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಒಂದು ಒಳ್ಳೆಯ ವಾಕ್ಯ ಹೊಳೆಯಿತೆನ್ನಿ. ಹಾಲೋ ವಾಕ್ಯವೋ, ಎರಡರಲ್ಲಿ ಒಂದು ಚೆಲ್ಲಿಹೋಗಲೇಬೇಕು.

ಓದುಗರೇ, ನಿಮ್ಮಲ್ಲಿ ಹಾಗೆ ವಾಕ್ಯವನ್ನು ಚೆಲ್ಲಿಕೊಂಡವರು ಯಾರಾದರೂ ಇದ್ದರೆ, ಅವರಿಗೆ ಇಂದು ಒಬ್ಬಾಕೆಯ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ಆಕೆ ನಮ್ಮ ದೇಶದವಳಲ್ಲ, ನಮ್ಮ ಕಾಲದವಳೂ ಅಲ್ಲ. ಅಮೆರಿಕದ ಪಾದ್ರಿಯೊಬ್ಬನ ಮಗಳು, ಧರ್ಮಶಾಸ್ತ್ರದ ಪ್ರಾಧ್ಯಾಪಕನೊಬ್ಬನ ಹೆಂಡತಿ, ಏಳು ಮಕ್ಕಳ ತಾಯಿ. ಹೆಸರು ಹ್ಯಾರಿಯೆಟ್ ಬೀಚರ್ ಸ್ಟೋ. 'ಅಂಕಲ್ ಟಾಮ್ಸ್ ಕ್ಯಾಬಿನ್' ಎಂಬ ಕಾದಂಬರಿಯನ್ನು ಬರೆದವಳು ಎಂದರೆ ನಿಮಗೆ ಗುರುತು ಹತ್ತುತ್ತದೆ. ಆ ಪುಸ್ತಕ ಗುಲಾಮಗಿರಿಯ ವಿರುದ್ಧ ಜನರ ಮನಸ್ಸನ್ನು ಹೇಗೆ ಕಲಕಿತು ಎಂಬುದನ್ನು ಇತಿಹಾಸದ ಪಾಠದಲ್ಲಿ ಓದಿರುತ್ತೀರಿ. ನಾನು ಹೇಳಹೊರಟಿರುವುದು ಅದನ್ನಲ್ಲ. ಆ ಪುಸ್ತಕವನ್ನು ಬರೆಯಲು ಆಕೆಗೆ ಹೊತ್ತು ಎಲ್ಲಿಂದ ಬಂತು? ನನಗೆ ಬಹುಕಾಲದಿಂದ ಕುತೂಹಲವಿರುವುದು ಈ ಒಂದು ಪ್ರಶ್ನೆಯಲ್ಲಿ.

ಆಕೆ ಹುಟ್ಟಿದ್ದು 1811ರಲ್ಲಿ, ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಲೈಮನ್ ಬೀಚರ್ ಹೆಸರಾಂತ ಧರ್ಮಬೋಧಕ. ಐದು ವರ್ಷದ ಹುಡುಗಿಯಾಗಿದ್ದಾಗಲೇ ತಾಯಿ ತೀರಿಕೊಂಡಳು. ಅದು ಕಟ್ಟುನಿಟ್ಟಾದ ಪ್ಯೂರಿಟನ್ ಮನೆತನ. ಅಂಥ ಮನೆಗಳಲ್ಲಿ ಕಾದಂಬರಿ ಎಂದರೆ ಸುಳ್ಳಿನ ಕಂತೆ, ಮಕ್ಕಳ ಕೈಗೆ ಕೊಡಬಾರದ ವಸ್ತು. ಆದರೆ ಲೈಮನ್ ಬೀಚರ್ ಸ್ಕಾಟನ ಕಾದಂಬರಿಗಳಿಗೆ ಮಾತ್ರ ವಿನಾಯಿತಿ ಕೊಟ್ಟನು. ಆ ವಿನಾಯಿತಿಯ ಬಾಗಿಲು ತೆರೆದದ್ದೇ ತಡ, ಹ್ಯಾರಿಯೆಟ್ ಮತ್ತು ಅವಳ ಅಣ್ಣ ಜಾರ್ಜ್ ಒಂದೇ ಬೇಸಗೆಯಲ್ಲಿ 'ಐವನ್‌ಹೋ'ವನ್ನು ಏಳು ಸಲ ಓದಿ ಮುಗಿಸಿದರಂತೆ. ಲೈಮನ್ ಬೀಚರನ ಗಂಡುಮಕ್ಕಳು ಏಳು ಜನ. ಏಳು ಜನರೂ ಪಾದ್ರಿಗಳಾದರು. ಹೆಣ್ಣುಮಕ್ಕಳಿಗೆ ಧರ್ಮಪೀಠವನ್ನು ಹತ್ತುವ ಹಕ್ಕಿರಲಿಲ್ಲ. ಅಣ್ಣತಮ್ಮಂದಿರು ಭಾನುವಾರ ಭಾನುವಾರ ನಿಂತು ಹೇಳುತ್ತಿದ್ದುದನ್ನು ಈಕೆ ಕಥೆಯಾಗಿ ಹೇಳಿದಳು ಎಂದರೆ ಹೆಚ್ಚು ತಪ್ಪಾಗಲಾರದು. ಒಬ್ಬ ಪಾದ್ರಿಯ ಉಪದೇಶವನ್ನು ನೂರಿನ್ನೂರು ಜನ ಕೇಳಿರಬಹುದು. ಈಕೆಯ ಉಪದೇಶವನ್ನು ಮೊದಲ ವರ್ಷದಲ್ಲಿಯೇ ಅಮೆರಿಕವೊಂದರಲ್ಲಿ ಮೂರು ಲಕ್ಷ ಪ್ರತಿಗಳಷ್ಟು ಜನ ಕೊಂಡರು.

ಅದು ಆಮೇಲಿನ ಮಾತು. 1832ರಲ್ಲಿ ಬೀಚರ್ ಸಂಸಾರ ಪಶ್ಚಿಮದ ಸಿನ್ಸಿನಾಟಿ ನಗರಕ್ಕೆ ಹೋಯಿತು. ಲೈಮನ್ ಬೀಚರ್ ಅಲ್ಲಿಯ ಧರ್ಮಶಾಸ್ತ್ರದ ವಿದ್ಯಾಲಯದ ಮುಖ್ಯಸ್ಥನಾಗಿದ್ದ. ಅದೇ ವಿದ್ಯಾಲಯದ ಪಂಡಿತ ಕ್ಯಾಲ್ವಿನ್ ಸ್ಟೋ. ಅವನ ಮೊದಲ ಹೆಂಡತಿ ಎಲೈಜಾ ಹ್ಯಾರಿಯೆಟ್ಟಳ ಆಪ್ತ ಗೆಳತಿ. ಆಕೆ 1834ರಲ್ಲಿ ಸತ್ತಳು. 1836ರ ಜನವರಿಯಲ್ಲಿ ಕ್ಯಾಲ್ವಿನ್ ಹ್ಯಾರಿಯೆಟ್ಟಳನ್ನು ಮದುವೆಯಾದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವಳಿಜವಳಿ ಹೆಣ್ಣುಮಕ್ಕಳು. 1838ರಲ್ಲಿ ಗಂಡು, 1840ರಲ್ಲಿ ಮತ್ತೊಂದು ಗಂಡು, 1843ರಲ್ಲಿ ಹೆಣ್ಣು. ಪಂಡಿತನಿಗೆ ಹೀಬ್ರೂ ಚೆನ್ನಾಗಿ ಬರುತ್ತಿತ್ತು. ಹಣ ಮಾತ್ರ ಬರುತ್ತಿರಲಿಲ್ಲ. ಇಂಥ ಜೋಡಣೆ ನಮ್ಮಲ್ಲಿಯೂ ಅಪರೂಪವಲ್ಲ. ವೇದಾಂತದಲ್ಲಿ ಮುಳುಗಿದವರ ಮನೆಯಲ್ಲಿ ಅಕ್ಕಿಯ ಡಬ್ಬವನ್ನು ಬಡಿದು ನೋಡುವವಳು ಹೆಂಡತಿಯೇ.

ಆಕೆ ಬರಹಗಾರ್ತಿಯಾದ ಬಗೆಯನ್ನು ಮುಂದೊಮ್ಮೆ ತಾನೇ ಒಂದು ಕಾಗದದಲ್ಲಿ ಬರೆದಳು. ಮೊದಲು ಕೆಲವು ಸಣ್ಣ ಬರಹಗಳು ಪತ್ರಿಕೆಗಳಲ್ಲಿ ಬಂದು ಸ್ವಲ್ಪ ಹಣ ಸಿಕ್ಕಿತು. ಆ ಹಣದಲ್ಲಿ ಆಕೆ ಕೊಂಡದ್ದು ಪುಕ್ಕ ತುಂಬಿದ ಒಂದು ಹಾಸಿಗೆಯನ್ನು! ಬಡ ಸಂಸಾರದಲ್ಲಿ ಅದಕ್ಕಿಂತ ಲಾಭದಾಯಕವಾದ ವಸ್ತು ಬೇರೆ ಕಾಣಲಿಲ್ಲವಂತೆ. ಅಂದಿನಿಂದ ಮನೆಗೆ ಒಂದು ಜಮಖಾನೆ ಬೇಕಾದಾಗ, ಖರ್ಚು ವರಮಾನವನ್ನು ಮೀರಿ ನಿಂತಾಗ, ಮನೆಯಲ್ಲಿದ್ದ ಆನಾ ಎಂಬ ನಂಬಿಗಸ್ತ ಹೆಂಗಸಿಗೆ ಒಂದು ದಿನದ ಮಟ್ಟಿಗೆ ಮಕ್ಕಳನ್ನೂ ಮನೆಗೆಲಸವನ್ನೂ ಒಪ್ಪಿಸಿ, ತಾನು ಒಂದು ಬರಹ ಬರೆದು ಕಷ್ಟದಿಂದ ಪಾರಾಗುವುದು ವಾಡಿಕೆಯಾಯಿತು. ಕಲಾದೇವಿಯ ಕರೆ, ಅಂತರಂಗದ ತುಡಿತ ಎಂಬ ದೊಡ್ಡ ಮಾತುಗಳು ಒಂದೂ ಇಲ್ಲ. ಜಮಖಾನೆಗಾಗಿ ಬರೆದೆ ಎಂದು ಒಪ್ಪಿಕೊಳ್ಳುವ ಲೇಖಕರನ್ನು ಕಂಡರೆ ನನಗೆ ವಿಶೇಷವಾದ ಗೌರವ.

ಆದರೆ ಆ ಮಾತಿನಲ್ಲಿ ಇನ್ನೊಂದು ಹೆಸರು ಬಂತಲ್ಲ, ಆನಾ ಎಂದು? ಅದನ್ನು ಸ್ವಲ್ಪ ನೆನಪಿನಲ್ಲಿಡಿ.

ಆ ಕಾಲದ ಒಂದು ದಿನದ ಚಿತ್ರ ನಮಗೆ ಉಳಿದು ಬಂದಿದೆ. ಗೆಳತಿಯೊಬ್ಬಳು ಬರೆದಿಟ್ಟ ಈ ಪ್ರಸಂಗವನ್ನು ಹ್ಯಾರಿಯೆಟ್ಟಳ ಕಿರಿಯ ಮಗ ಚಾರ್ಲ್ಸ್ 1889ರಲ್ಲಿ ಸಂಕಲಿಸಿದ ತಾಯಿಯ ಜೀವನ ವೃತ್ತಾಂತದಲ್ಲಿ ಕಾಣಬಹುದು. ಕೊಡಬೇಕಾದ ಕಥೆ ಅರ್ಧಕ್ಕೆ ನಿಂತಿದೆ, ಪ್ರಕಾಶಕರು ಕಾದಿದ್ದಾರೆ. ಗೆಳತಿ ಬಂದು ಒತ್ತಾಯ ಮಾಡುತ್ತಾಳೆ. ಹ್ಯಾರಿಯೆಟ್ಟಳ ಬಳಿ ನೆಪಗಳಿಗೆ ಬರವಿಲ್ಲ: ಮಕ್ಕಳು ಸಣ್ಣವು, ಇಂದು ರೊಟ್ಟಿ ಬೇಯಿಸುವ ದಿನ, ಅಡಿಗೆಯ ಹುಡುಗಿ ಮಿನಾ ಹೊಸಬಳು, ಎಲ್ಲವನ್ನೂ ಹೇಳಿಕೊಡಬೇಕು. ಗೆಳತಿ ಬಿಡುವವಳಲ್ಲ. "ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ" ಎಂದು ಅಡಿಗೆಮನೆಯಲ್ಲಿಯೇ ತೊಡೆಯ ಮೇಲೆ ಹಲಗೆಯಿಟ್ಟು ಕುಳಿತೇಬಿಟ್ಟಳು. ಮೇಜಿನ ಮೇಲೆ ಹಿಟ್ಟು, ಲಟ್ಟಣಿಗೆ, ಶುಂಠಿ, ಕೊಬ್ಬು; ಪಕ್ಕದಲ್ಲಿ ಮೊಟ್ಟೆ, ಮಾಂಸ, ಕಾಳು; ಒಂದು ಕಡೆ ಕಾಯುತ್ತಿರುವ ಒಲೆ. ಕಥಾನಾಯಕಿಯ ಕಣ್ಣೀರಿನ ಒಂದು ವಾಕ್ಯ ಹೊರಬೀಳುತ್ತದೆ. ನಡುವೆ, ಕುಂಬಳಕಾಯಿಗೆ ಶುಂಠಿ ಹಾಕಲೇ ಎಂದು ಮಿನಾ ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟು ಮತ್ತೆ ಕಣ್ಣೀರಿಗೆ ಬರಬೇಕು. ಕಥೆಯೊಳಗೆ ಎಲ್ಲಿ ಮಾಂಸ ಕಾಳುಗಳು ಬೆರೆತುಹೋದಾವೋ ಎಂದು ಗೆಳತಿಗೆ ಭಯ. ನಕ್ಕು ನಕ್ಕು ಸಾಕಾದರೂ ಕಥೆ ಆ ದಿನವೇ ಮುಗಿಯಿತು.

ಓದುವುದಕ್ಕೆ ಇದು ವಿನೋದವಾಗಿದೆ. ಒಂದು ದಿನ ಹೀಗೆ ಬರೆಯುವುದು ವಿನೋದವೇ. ಹದಿನೈದು ವರ್ಷ ಹೀಗೆ ಬರೆಯುವುದು ವಿನೋದವಲ್ಲ. ಹ್ಯಾರಿಯೆಟ್ಟಳ ಕಾಗದಗಳನ್ನು ಮುಂದಕ್ಕೆ ಓದುತ್ತ ಹೋದರೆ ನಗು ಮೆಲ್ಲಮೆಲ್ಲನೆ ಅಡಗುತ್ತದೆ. 1842ರಲ್ಲಿ ಆಕೆ ಊರಿಗೆ ಹೋಗಿದ್ದಾಗ ಗಂಡನಿಗೆ ಒಂದು ಮಾತನ್ನು ಬರೆದಳು: ತಾನು ಬರೆಯಬೇಕಾದರೆ ತನಗೆಂದು ಒಂದು ಕೋಣೆ ಬೇಕು. ಹಿಂದಿನ ಚಳಿಗಾಲವೆಲ್ಲ ಊಟದ ಕೋಣೆಯಲ್ಲಿ ಕುಳಿತು ನೋಡಿದ್ದಾಯಿತು. ತಟ್ಟೆ ಇಡುವುದು, ತಟ್ಟೆ ತೆಗೆಯುವುದು, ಮಕ್ಕಳಿಗೆ ಮೈತೊಳೆದು ಬಟ್ಟೆ ಹಾಕುವುದು, ಎಲ್ಲ ಅಲ್ಲಿಯೇ. ಇನ್ನು ಗಂಡ ಕುಳಿತಿರುವ ಕೋಣೆಗೆ ಬಂದರೆ, ಅವನ ಕೆಲಸಕ್ಕೆ ಅಡ್ಡಿ ಮಾಡುತ್ತಿದ್ದೇನೆಂಬ ಅಳುಕು. ಅವನಿಗೂ ಒಮ್ಮೊಮ್ಮೆ ಹಾಗೆ ಅನ್ನಿಸಿದ್ದುಂಟು ಎಂದು ನೆನಪಿಸಲು ಆಕೆ ಮರೆಯಲಿಲ್ಲ. ವರ್ಜೀನಿಯಾ ವುಲ್ಫ್ ಹೆಣ್ಣಿಗೆ ಸ್ವಂತ ಕೋಣೆ ಬೇಕೆಂದು ಪುಸ್ತಕ ಬರೆದದ್ದು 1929ರಲ್ಲಿ. ಅದಕ್ಕೆ ಎಂಬತ್ತೇಳು ವರ್ಷ ಮುಂಚೆ ಸಿನ್ಸಿನಾಟಿಯ ಗೃಹಿಣಿ ಅದನ್ನೇ ಕೇಳಿದ್ದಳು, ಚಳಿಗೆ ಒಲೆಯನ್ನು ಎಲ್ಲಿ ಇಡಬೇಕೆಂಬ ವಿವರದ ಸಮೇತ.

ಕ್ಯಾಲ್ವಿನ್ ಸ್ಟೋನಿಗೆ ಇಲ್ಲಿ ನ್ಯಾಯ ಸಲ್ಲಿಸಬೇಕು. ನೀನು ಸಾಹಿತಿಯೇ ಆಗಬೇಕು, ನಿನ್ನ ಹಣೆಯಲ್ಲಿ ಬರೆದಿರುವುದೇ ಅದು, ಹೆಸರಿನ ನಡುವಣ ಅಕ್ಷರವನ್ನು ಬಿಟ್ಟು ಹ್ಯಾರಿಯೆಟ್ ಬೀಚರ್ ಸ್ಟೋ ಎಂದೇ ಪೂರ್ಣವಾಗಿ ಬರೆ ಎಂದು ಹುರಿದುಂಬಿಸಿದವನು ಅವನೇ. ಹತ್ತೊಂಬತ್ತನೆಯ ಶತಮಾನದ ಗಂಡನ ಬಾಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಪ್ರೋತ್ಸಾಹ ಒಂದು, ಮಗುವನ್ನು ಎತ್ತಿಕೊಳ್ಳುವುದು ಇನ್ನೊಂದು. 1843ರಲ್ಲಿ 'ಮೇ ಫ್ಲವರ್' ಎಂಬ ಸಣ್ಣಬರಹಗಳ ಸಂಕಲನ ಪ್ರಕಟವಾಯಿತು. ಆಮೇಲಿನ ವರ್ಷಗಳು ಬಹುಮಟ್ಟಿಗೆ ಮೌನ. 1845ರ ಜೂನಿನ ಒಂದು ಕಾಗದವಿದೆ. ಮಳೆ ಹಿಡಿದು ಬಟ್ಟೆ ಒಣಗುತ್ತಿಲ್ಲ. ಹಾಲು ಹುಳಿ, ಮಾಂಸ ಹುಳಿ, ಎಲ್ಲದಕ್ಕೂ ಹುಳಿ ವಾಸನೆ, ಬೂಷ್ಟಿನ ವಾಸನೆ. ಇನ್ನು ಊಟವೇ ಬೇಡವೆನ್ನಿಸಿದೆ ಎಂದು ಗಂಡನಿಗೆ ಬರೆದಿದ್ದಾಳೆ. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಆ ಕಾಗದವನ್ನು ವಿವರಿಸಬೇಕಾಗಿಲ್ಲ. 1846ರಲ್ಲಿ ಆಕೆಯ ಶರೀರ ಪೂರ್ತಿಯಾಗಿ ಸೋತು, ವರ್ಮಾಂಟ್ ಪ್ರಾಂತದ ಬ್ರ್ಯಾಟಲ್‌ಬರೋ ಎಂಬಲ್ಲಿ ಜಲಚಿಕಿತ್ಸೆಗೆಂದು ಸುಮಾರು ಹತ್ತು ತಿಂಗಳು ಮನೆ ಬಿಟ್ಟಿರಬೇಕಾಯಿತು. ಆಕೆ ಹಿಂದಿರುಗಿದ ಕೆಲಕಾಲಕ್ಕೆ ಗಂಡನೂ ಅದೇ ಚಿಕಿತ್ಸೆಗೆ ಹೋದ. ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಉಳಿದ.

ಅವನು ಅಲ್ಲಿರುವಾಗಲೇ 1849ರ ಬೇಸಗೆಯಲ್ಲಿ ಸಿನ್ಸಿನಾಟಿಗೆ ಕಾಲರಾ ಬಂತು. ಒಂದೊಂದು ದಿನ ನೂರಕ್ಕೂ ಹೆಚ್ಚು ಸಾವು. ಬರುವುದು ಬೇಡ, ಬಂದರೆ ನಿಮಗೂ ಅಪಾಯ ಎಂದು ಹ್ಯಾರಿಯೆಟ್ ಗಂಡನನ್ನು ತಡೆದಳು. ಜುಲೈ ತಿಂಗಳಲ್ಲಿ ಆರನೆಯ ಮಗು, ಒಂದೂವರೆ ವರ್ಷದ ಸ್ಯಾಮ್ಯುಯೆಲ್ ಚಾರ್ಲ್ಸ್, ಆಕೆಯ ಕಣ್ಣೆದುರಿಗೆ ನರಳಿ ನರಳಿ ಸತ್ತಿತು. ಉಳಿದ ಮಕ್ಕಳಿಗಿಂತ ಆ ಮಗುವಿನ ಮೇಲೆ ಆಕೆಗೆ ಮಮತೆ ಹೆಚ್ಚು. ಕರುಳಿನ ಕುಡಿಯನ್ನು ಕಿತ್ತುಕೊಂಡಾಗ ಗುಲಾಮ ತಾಯಿಗೆ ಏನಾಗುತ್ತದೆಂಬುದನ್ನು ಆ ಮಗುವಿನ ಸಾವಿನ ಹಾಸಿಗೆಯ ಬಳಿಯಲ್ಲಿ, ಅದರ ಗೋರಿಯ ಬಳಿಯಲ್ಲಿ ಕಲಿತೆನೆಂದು ಆಕೆ ಆಮೇಲೆ ಬರೆದಳು.

ಗುಲಾಮ ತಾಯಂದಿರ ವಿಷಯ ಆಕೆಗೆ ತಿಳಿದದ್ದಾದರೂ ಎಲ್ಲಿ? ಸಿನ್ಸಿನಾಟಿ ಓಹಿಯೋ ನದಿಯ ದಡದ ಊರು. ಆಚೆ ದಡ ಕೆಂಟಕಿ. ಅಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು. ನದಿ ದಾಟಿ ಬಂದ ಕಪ್ಪು ಹೆಂಗಸರು ಈಚೆಯ ಮನೆಗಳಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದರು. ಸ್ಟೋ ಮನೆಯಲ್ಲಿಯೂ ನಿಂತಿದ್ದರು. ಅವರಲ್ಲಿ ಅಡಿಗೆಯಾಕೆಯೊಬ್ಬಳ ಮಕ್ಕಳ ತಂದೆ ಅವಳ ಹಳೆಯ ಯಜಮಾನನೇ ಎಂಬುದು ಹ್ಯಾರಿಯೆಟ್ಟಳಿಗೆ ತಿಳಿಯಲು ಬಹುಕಾಲ ಹಿಡಿಯಿತು. ತಿಳಿದಾಗ ಆ ಹೆಂಗಸು, ಗುಲಾಮ ಹೆಣ್ಣು ಬೇಡವೆನ್ನುವ ಹಾಗಿಲ್ಲವೆಂದು ಸಾದಾ ಮಾತಿನಲ್ಲಿ ಹೇಳಿದಳಂತೆ. ಯಾವ ಗ್ರಂಥಭಂಡಾರದಲ್ಲಿಯೂ ಇದು ಸಿಕ್ಕುತ್ತಿರಲಿಲ್ಲ. ಪಂಡಿತ ಗಂಡ ಓದುವ ಕೋಣೆಯಲ್ಲಿ ಕುಳಿತು ಹೀಬ್ರೂ ಧಾತುಗಳನ್ನು ಬಿಡಿಸುತ್ತಿದ್ದಾಗ, ಹೆಂಡತಿ ಹಿಟ್ಟು ನಾದುತ್ತ ತನ್ನ ದೇಶದ ಮಹಾಪಾತಕವನ್ನು ಬಲ್ಲವರ ಬಾಯಿಂದ ಕೇಳುತ್ತಿದ್ದಳು.

1850ರಲ್ಲಿ ಕ್ಯಾಲ್ವಿನ್ ಸ್ಟೋನಿಗೆ ಮೇನ್ ಪ್ರಾಂತದ ಬ್ರನ್ಸ್‌ವಿಕ್ ಊರಿನ ಬೋಡಿನ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ತುಂಬಿದ ಬಸುರಿ ಹ್ಯಾರಿಯೆಟ್ ಮಕ್ಕಳನ್ನು ಕಟ್ಟಿಕೊಂಡು ಗಂಡನಿಗಿಂತ ಮುಂಚಿತವಾಗಿ ಅಷ್ಟು ದೂರ ಪಯಣ ಮಾಡಿ, ಹಳೆಯ ಬಾಡಿಗೆಮನೆಯೊಂದನ್ನು ಹಿಡಿದು, ಗೋಡೆಗೆ ಬಣ್ಣ, ಕುರ್ಚಿಗೆ ಬಟ್ಟೆ ಎಂದು ತಾನೇ ನಿಂತು ಮಾಡಿಸಿದಳು. ಜುಲೈಯಲ್ಲಿ ಏಳನೆಯ ಮಗು ಹುಟ್ಟಿತು. ಸತ್ತ ಮಗುವಿನ ಹೆಸರನ್ನು ನೆನೆದು ಇದಕ್ಕೂ ಚಾರ್ಲ್ಸ್ ಎಂದು ಹೆಸರಿಟ್ಟರು. ಸೆಪ್ಟೆಂಬರಿನಲ್ಲಿ ಅಮೆರಿಕದ ಶಾಸನಸಭೆ ಒಂದು ಕಾನೂನು ಮಾಡಿತು: ಓಡಿಬಂದ ಗುಲಾಮನನ್ನು ಗುಲಾಮಗಿರಿಯಿಲ್ಲದ ಪ್ರಾಂತದವರೂ ಹಿಡಿದು ಒಡೆಯನಿಗೆ ಒಪ್ಪಿಸಬೇಕು, ಅವನಿಗೆ ಅನ್ನ ಆಶ್ರಯ ಕೊಟ್ಟವರಿಗೂ ದಂಡನೆ. ಬಾಸ್ಟನ್ನಿನಿಂದ ಅತ್ತಿಗೆ ಕಾಗದ ಬರೆದಳು: ನಿನ್ನ ಹಾಗೆ ಬರೆಯುವ ಶಕ್ತಿ ನನಗಿದ್ದರೆ, ಇಡೀ ದೇಶಕ್ಕೆ ಈ ಪಾಪ ಮುಟ್ಟುವಂಥದ್ದೊಂದನ್ನು ಬರೆಯುತ್ತಿದ್ದೆ ಎಂದು. ಹ್ಯಾರಿಯೆಟ್ ಅದನ್ನು ಮನೆಮಂದಿಗೆ ಓದಿ ಹೇಳಿ, ಕಾಗದವನ್ನು ಮುಷ್ಟಿಯಲ್ಲಿ ಮುದುರಿ, ಬದುಕಿದ್ದರೆ ಬರೆದೇ ಬರೆಯುತ್ತೇನೆ ಎಂದಳೆಂದು ಮಕ್ಕಳು ನೆನೆಯುತ್ತಿದ್ದರು. ಎಂಥ ವೀರವಾಕ್ಯ! ಆದರೆ ಅತ್ತಿಗೆಗೆ ಆಕೆ ಬರೆದ ಉತ್ತರ ನನಗೆ ಇನ್ನೂ ಇಷ್ಟ. ರಾತ್ರಿ ಮಗು ತನ್ನ ಮಗ್ಗುಲಲ್ಲಿ ಮಲಗುವವರೆಗೆ ಏನೂ ಹೆಚ್ಚಾಗಿ ಮಾಡಲಾರೆ. ಆದರೆ ಕಡೆಗೊಮ್ಮೆ ಮಾಡಿಯೇ ಮಾಡುತ್ತೇನೆ ಎಂದಳು.

ಅದೇ ಚಳಿಗಾಲದ ಇನ್ನೊಂದು ಕಾಗದವನ್ನು ಇಲ್ಲಿ ಬಿಡಲಾರೆ. ಬರೆಯಲು ಕುಳಿತ ಮೇಲೆ ಹತ್ತು ಹನ್ನೆರಡು ಸಲ ಎದ್ದೆ ಎಂದು ಲೆಕ್ಕ ಕೊಟ್ಟಿದ್ದಾಳೆ: ಮೀನು ಮಾರುವವನು ಬಂದ, ಎದ್ದಳು, ಸೇಬಿನ ಪೀಪಾಯಿಯವನು ಬಂದ, ಎದ್ದಳು, ಪುಸ್ತಕದವನು ಬಂದ, ಎದ್ದಳು, ಮಗುವಿಗೆ ಹಾಲೂಡಿಸಬೇಕು, ಮಧ್ಯಾಹ್ನದ ಊಟಕ್ಕೆ ಮೀನಿನ ಸಾರು ಮಾಡಬೇಕು, ಮತ್ತೆ ಬಂದು ಕುಳಿತಳು. ಬರೆಯುವುದೆಂದರೆ ತನ್ನ ಪಾಲಿಗೆ ಎದುರುಗಾಳಿಯಲ್ಲಿ, ಎದುರು ನೀರಿನಲ್ಲಿ ದೋಣಿ ನಡಸಿದಂತೆ ಎಂದಿದ್ದಾಳೆ.

ಮರುವರ್ಷ, 1851ರ ಆರಂಭದಲ್ಲಿ, ಬ್ರನ್ಸ್‌ವಿಕ್ಕಿನ ಚರ್ಚಿನಲ್ಲಿ ಪ್ರಭುಭೋಜನದ ಸಂಸ್ಕಾರ ನಡೆಯುತ್ತಿದ್ದಾಗ ಆಕೆಗೆ ಒಂದು ದೃಶ್ಯ ಕಂಡಿತು. ಮುದುಕನಾದ ಕಪ್ಪು ಗುಲಾಮನೊಬ್ಬನನ್ನು ಚಾವಟಿಯಿಂದ ಹೊಡೆದು ಕೊಲ್ಲುತ್ತಿದ್ದಾರೆ. ಸಾಯುತ್ತ ಅವನು ಹೊಡೆದವರಿಗಾಗಿ ದೇವರನ್ನು ಬೇಡುತ್ತಿದ್ದಾನೆ. ಮನೆಗೆ ಬಂದು ಅದನ್ನು ಬರೆದಿಟ್ಟಳು. ಕಾಗದ ಮುಗಿದಾಗ ಅಂಗಡಿಯ ಸಾಮಾನು ಕಟ್ಟಿದ ಕಂದು ಕಾಗದವನ್ನು ಬಳಸಿದಳಂತೆ. ಗಂಡುಮಕ್ಕಳಿಗೆ ಓದಿ ಹೇಳಿದಾಗ ಇಬ್ಬರೂ ಅತ್ತುಬಿಟ್ಟರು. ಆ ಪುಸ್ತಕವನ್ನು ತಾನು ಬರೆಯಲಿಲ್ಲ, ದೇವರು ಬರೆದ ಎಂದು ಮುಪ್ಪಿನಲ್ಲಿ ಆಕೆ ಹೇಳುತ್ತಿದ್ದಳು. ಭಕ್ತೆಯ ಮಾತು, ಅದರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ದೇವರು ದರ್ಶನ ಕೊಟ್ಟದ್ದು ಒಂದು ಭಾನುವಾರ. ಆಮೇಲೆ ವಾರವಾರದ ಕಂತನ್ನು ಅಂಚೆಗೆ ಹಾಕಬೇಕಾಗಿ ಬಂದದ್ದು ಹತ್ತು ತಿಂಗಳು. ವಾಷಿಂಗ್ಟನ್ನಿನ 'ನ್ಯಾಷನಲ್ ಇರಾ' ಪತ್ರಿಕೆಯಲ್ಲಿ 1851ರ ಜೂನ್ 5ರಂದು ಮೊದಲ ಕಂತು ಬಂತು. ಮುಗಿದದ್ದು 1852ರ ಏಪ್ರಿಲ್ 1ಕ್ಕೆ. ಮೂರು ನಾಲ್ಕು ವಾರದಲ್ಲಿ ಮುಗಿಯುವ ಕಥೆಯೆಂದು ಆಕೆ ಆರಂಭಿಸಿದ್ದಳು. ಸಂಪಾದಕ ಗಮೇಲಿಯಲ್ ಬೇಲಿ ಒಪ್ಪಿದ ಸಂಭಾವನೆ ಮುನ್ನೂರು ಡಾಲರು. ಕಂತು ತಪ್ಪಿದ ವಾರಗಳೂ ಇದ್ದವು. ಇಲ್ಲದಿದ್ದರೆ ಅಲ್ಲವೇ ಆಶ್ಚರ್ಯ! ಆಗ ಮನೆಯಲ್ಲಿ ಆರು ಮಕ್ಕಳು. ಸಾಲದೆಂದು ಆಕೆ ಮನೆಯಲ್ಲಿಯೇ ಒಂದು ಸಣ್ಣ ಪಾಠಶಾಲೆಯನ್ನೂ ನಡಸುತ್ತಿದ್ದಳು.

ಮೊದಲಿನ ಪ್ರಶ್ನೆಗೆ ಈಗ ಬರುತ್ತೇನೆ. ಆ ಹೊತ್ತು ಎಲ್ಲಿಂದ ಬಂತು? ಅಕ್ಕ ಕ್ಯಾಥರೀನಳಿಂದ ಬಂತು. ಕ್ಯಾಥರೀನ್ ಬೀಚರ್ ಮದುವೆಯಾಗದವಳು. ಹೆಣ್ಣುಮಕ್ಕಳ ಶಾಲೆಗಳನ್ನು ಸ್ಥಾಪಿಸಿದವಳು. 1841ರಲ್ಲಿ ಮನೆವಾರ್ತೆಯ ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನೇ ಬರೆದವಳು. ತಂಗಿಯ ಅವಸ್ಥೆಯನ್ನು ನೋಡಿ ಆಕೆ ತನ್ನ ಕೆಲಸಗಳನ್ನು ಬದಿಗಿಟ್ಟು ಬ್ರನ್ಸ್‌ವಿಕ್ಕಿಗೆ ಬಂದು ಮನೆಯ ಯಜಮಾನಿಕೆಯನ್ನು ಕೈಗೆ ತೆಗೆದುಕೊಂಡಳು. ಬೆಳಿಗ್ಗೆ ಎಂಟಕ್ಕೆ ತಿಂಡಿಯೂ ಪ್ರಾರ್ಥನೆಯೂ ಮುಗಿಯಬೇಕು. ಮುಗಿದೊಡನೆ ಗಂಡಹೆಂಡಿರಿಬ್ಬರನ್ನೂ ಕಾಲೇಜಿನಲ್ಲಿದ್ದ ಕ್ಯಾಲ್ವಿನನ ಕೋಣೆಗೆ ಅಟ್ಟಬೇಕು. ಮನೆಯ ಗೋಜಿಗೆ ಸಿಕ್ಕದಂತೆ ಹ್ಯಾರಿಯೆಟ್ಟಳನ್ನು ಇಡಲು ಬೇರೆ ದಾರಿಯೇ ಇಲ್ಲವೆಂದು ಕ್ಯಾಥರೀನ್ ಒಂದು ಕಾಗದದಲ್ಲಿ ಹೇಳಿದ್ದಾಳೆ. 1842ರಲ್ಲಿ ಕೇಳಿದ್ದ ಕೋಣೆ ಹೀಗೆ ಒಂಬತ್ತು ವರ್ಷದ ಮೇಲೆ ದೊರೆಯಿತು. ಅದು ಮನೆಯಲ್ಲಿರಲಿಲ್ಲ, ಆಕೆಯದೂ ಆಗಿರಲಿಲ್ಲ.

ಹೊತ್ತನ್ನು ಯಾರೂ ಸೃಷ್ಟಿಸಲಾರರು. ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬಹುದಷ್ಟೆ. ಆನಾ ಕೊಟ್ಟಳು, ಮಿನಾ ಕೊಟ್ಟಳು, ಕ್ಯಾಥರೀನ್ ಕೊಟ್ಟಳು. ಎಲ್ಲರೂ ಹೆಂಗಸರು ಎಂಬುದನ್ನು ಗಮನಿಸಿ. ಒಬ್ಬಾಕೆಗೆ ಕೂಲಿ ಸಿಕ್ಕಿರಬಹುದು, ಇನ್ನೊಬ್ಬಾಕೆಗೆ ತಂಗಿಯ ಕೃತಜ್ಞತೆ ಸಿಕ್ಕಿತು. ಪುಸ್ತಕದ ಮುಖಪುಟದ ಮೇಲೆ ಹೆಸರು ಯಾರದೂ ಬರಲಿಲ್ಲ. ಇದನ್ನು ದೋಷಾರೋಪಣೆಯೆಂದು ಹೇಳುತ್ತಿಲ್ಲ. ಹ್ಯಾರಿಯೆಟ್ ತಾನೇ ಅದನ್ನು ಮುಚ್ಚಿಡಲಿಲ್ಲ. ನಮಗೆ ಆನಾಳ ಹೆಸರು ತಿಳಿದಿರುವುದೇ ಆಕೆಯ ಕಾಗದದಿಂದ.

ಹಾಗೆಂದು ಸಂಸಾರ ಆಕೆಯ ಹೊತ್ತನ್ನು ತಿಂದದ್ದು ಮಾತ್ರವೇ? ಕಾದಂಬರಿಯ ಒಂಬತ್ತನೆಯ ಅಧ್ಯಾಯವನ್ನು ತೆಗೆದು ನೋಡಿ. ಮಂಜುಗಡ್ಡೆಯ ಮೇಲೆ ಹಾರಿ ಹಾರಿ ಓಹಿಯೋ ನದಿಯನ್ನು ದಾಟಿದ ಗುಲಾಮ ತಾಯಿ ಎಲೈಜಾ ತನ್ನ ಹುಡುಗನೊಡನೆ ಒಬ್ಬ ಶಾಸನಸಭಾ ಸದಸ್ಯನ ಮನೆಯನ್ನು ಸೇರುತ್ತಾಳೆ. ಓಡಿಬಂದವರಿಗೆ ನೆರವು ಕೊಡಬಾರದೆಂಬ ಕಾನೂನಿಗೆ ಓಟು ಹಾಕಿ ಆಗತಾನೇ ಮನೆಗೆ ಬಂದಿದ್ದಾನೆ ಆತ. ಹೆಂಡತಿ ಅವನೊಡನೆ ವಾದಿಸುತ್ತಾಳೆ. ಕಡೆಗೆ ಅವನನ್ನು ಸೋಲಿಸಿದ್ದು ವಾದವಲ್ಲ. ಮನೆಯಲ್ಲಿ ಒಂದು ಸೆಳೆಖಾನೆಯಿದೆ. ಅದರಲ್ಲಿ ಅವರ ಸತ್ತ ಮಗುವಿನ ಅಂಗಿ, ಕಾಲ್ಚೀಲ, ಆಟದ ಸಾಮಾನುಗಳಿವೆ. ಆ ತಾಯಿ ಅದನ್ನು ಎಳೆದು, ಅದರ ಮೇಲೆ ತಲೆಯಿಟ್ಟು ಅತ್ತು, ಆ ಬಟ್ಟೆಗಳನ್ನು ಆರಿಸಿ ಎಲೈಜಾಳ ಹುಡುಗನಿಗೆಂದು ಕಟ್ಟಿಕೊಡುತ್ತಾಳೆ. ಸ್ಯಾಮ್ಯುಯೆಲ್ ಚಾರ್ಲ್ಸ್ ಸತ್ತು ಆಗ ಎರಡು ವರ್ಷವಾಗಿತ್ತು. ಇಂಥ ಪುಟವನ್ನು ಬರೆಯಲು ನಿಶ್ಶಬ್ದವಾದ ಕೋಣೆ ಮಾತ್ರ ಇದ್ದರೆ ಸಾಲದು.

1852ರ ಮಾರ್ಚ್ 20ರಂದು ಬಾಸ್ಟನ್ನಿನ ಜಾನ್ ಜ್ಯೂಯೆಟ್ ಅದನ್ನು ಪುಸ್ತಕವಾಗಿ ಹೊರತಂದ. ಅಚ್ಚಿನ ಖರ್ಚಿನಲ್ಲಿ ಅರ್ಧ ಹಾಕಿದರೆ ಲಾಭದಲ್ಲಿ ಅರ್ಧ ಎಂದಿದ್ದ. ಹಾಕಲು ಹಣವಿಲ್ಲದೆ ನೂರಕ್ಕೆ ಹತ್ತರ ಗೌರವಧನಕ್ಕೆ ಸ್ಟೋ ದಂಪತಿಗಳು ಒಪ್ಪಿಕೊಂಡರು. ಹೆಂಡತಿಗೆ ಒಂದು ರೇಷ್ಮೆಯ ಉಡುಪಿಗಾಗುವಷ್ಟು ಬಂದರೆ ಸಾಕೆಂದು ಕ್ಯಾಲ್ವಿನ್ ಆಸೆಪಟ್ಟಿದ್ದನಂತೆ. ಮೊದಲ ಮೂರು ತಿಂಗಳಲ್ಲಿ ಬಂದದ್ದು ಹತ್ತು ಸಾವಿರ ಡಾಲರು. ಪುಸ್ತಕದ ಕುಂದುಗಳನ್ನು ಆಮೇಲೆ ಅನೇಕರು ಎತ್ತಿ ತೋರಿದ್ದಾರೆ. ಕಪ್ಪು ಜನರ ಸ್ವಭಾವವೇ ಹೀಗೆ ಎಂದು ಆಕೆ ಬರೆಯುವ ಮಾತುಗಳು ಇಂದು ಕಿವಿಗೆ ಹಿತವಾಗುವುದಿಲ್ಲ. ಆಕೆಯ ಕರುಣೆಯಲ್ಲಿಯೇ ಒಂದು ಬಗೆಯ ಅಪಚಾರವಿದೆಯೆಂದು ಜೇಮ್ಸ್ ಬಾಲ್ಡ್ವಿನ್ 1949ರಲ್ಲಿ ಬರೆದ ಪ್ರಬಂಧ ಕಟುವಾಗಿದ್ದರೂ ಓದಲೇಬೇಕಾದದ್ದು. ಅಡಿಗೆಮನೆಯಲ್ಲಿ ಕೇಳಿದ ಕಥೆಯನ್ನು ಯಜಮಾನಿತಿ ಬರೆದಳು. ಹೇಳಿದವಳೇ ಬರೆದಿದ್ದರೆ ಅದು ಬೇರೆ ಪುಸ್ತಕವಾಗುತ್ತಿತ್ತು.

ಹಣ ಬಂದ ಮೇಲೆ ಹೊತ್ತೂ ಬಂತೆಂದು ತಿಳಿಯಬೇಡಿ. ಸಂಸಾರ ಬೆಳೆಯಿತು, ಖರ್ಚು ಬೆಳೆಯಿತು. ಆಕೆ ಸುಮಾರು ಮೂವತ್ತು ಪುಸ್ತಕಗಳನ್ನು ಬರೆದಳು, ಅನೇಕವನ್ನು ಆತುರದಲ್ಲಿ. ಅವುಗಳಲ್ಲಿ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. 1857ರ ಜುಲೈಯಲ್ಲಿ ಹಿರಿಯ ಮಗ ಹೆನ್ರಿ, ಹತ್ತೊಂಬತ್ತು ವರ್ಷದವನು, ಕಾಲೇಜಿನಲ್ಲಿ ಓದುತ್ತಿದ್ದಾಗ ಕನೆಕ್ಟಿಕಟ್ ನದಿಯಲ್ಲಿ ಈಜಲು ಹೋಗಿ ಮುಳುಗಿಹೋದ. ತಾಯಿಯ ದುಃಖದ ಮೇಲೆ ಆ ಮನೆತನದ ಧರ್ಮ ಇನ್ನೊಂದು ದುಃಖವನ್ನು ಹೇರಿತು. ಅಂತರಂಗದಲ್ಲಿ ಪರಿವರ್ತನೆಯಾಗದೆ ಸತ್ತವನ ಆತ್ಮಕ್ಕೆ ಸದ್ಗತಿಯ ಭರವಸೆಯಿಲ್ಲವೆಂದು ಅವರ ಕಟ್ಟುನಿಟ್ಟಿನ ಸಿದ್ಧಾಂತ. ಹೆನ್ರಿಗೆ ಆ ಪರಿವರ್ತನೆ ಆಗಿತ್ತೋ ಇಲ್ಲವೋ? 1822ರಲ್ಲಿ ಅಕ್ಕ ಕ್ಯಾಥರೀನಳ ಭಾವೀ ಪತಿ ಹಡಗು ಒಡೆದು ಸತ್ತಾಗಲೂ ಇದೇ ಪ್ರಶ್ನೆ ಆ ಮನೆಯನ್ನು ಹಿಂಡಿತ್ತು. ತಂದೆಯ ಬಳಿ ಆಗ ಉತ್ತರವಿರಲಿಲ್ಲ. ಮಗಳು 1859ರಲ್ಲಿ 'ದಿ ಮಿನಿಸ್ಟರ್ಸ್ ವೂಯಿಂಗ್' ಎಂಬ ಕಾದಂಬರಿಯಲ್ಲಿ ಉತ್ತರ ಬರೆದಳು. ಅಲ್ಲಿ ಮಗ ಸಮುದ್ರದಲ್ಲಿ ಸತ್ತನೆಂಬ ಸುದ್ದಿ ಕೇಳಿ ತಾಯಿ ಹುಚ್ಚಿಯಂತಾಗುತ್ತಾಳೆ. ಸಿದ್ಧಾಂತವನ್ನು ಬಲ್ಲ ಪಾದ್ರಿಯಿಂದ ಏನೂ ಆಗುವುದಿಲ್ಲ. ಕ್ಯಾಂಡೇಸ್ ಎಂಬ ಕಪ್ಪು ಅಡಿಗೆಯಾಕೆ ಒಳಗೆ ನುಗ್ಗಿ, ಆ ತಾಯಿಯನ್ನು ಮಗುವಿನಂತೆ ತೊಡೆಯ ಮೇಲೆ ಎತ್ತಿಕೊಂಡು ತೂಗಿ, ದೇವರಿಗೂ ತಾಯಿಯ ಕರುಳಿದೆ ಎಂಬ ಅರ್ಥದಲ್ಲಿ ಸಂತೈಸುತ್ತಾಳೆ. ಲೈಮನ್ ಬೀಚರನ ಮಗಳು, ಏಳು ಪಾದ್ರಿಗಳ ಸೋದರಿ, ಧರ್ಮಶಾಸ್ತ್ರದ ಪ್ರಾಧ್ಯಾಪಕನ ಹೆಂಡತಿ ಈ ಮಾತನ್ನು ಧರ್ಮಪೀಠದಿಂದ ಹೇಳುವಂತಿರಲಿಲ್ಲ. ಕಾದಂಬರಿಯಲ್ಲಿ ಹೇಳಬಹುದಾಗಿತ್ತು.

ಇನ್ನೊಬ್ಬ ಮಗ ಫ್ರೆಡರಿಕ್ ಅಂತರ್ಯುದ್ಧಕ್ಕೆ ಹೋಗಿ 1863ರಲ್ಲಿ ಗೆಟಿಸ್‌ಬರ್ಗ್ ಕಾಳಗದಲ್ಲಿ ಗಾಯಗೊಂಡ. ಕುಡಿತ ಅವನನ್ನು ಬಿಡಲಿಲ್ಲ. 1871ರಲ್ಲಿ ಸಾನ್ ಫ್ರಾನ್ಸಿಸ್ಕೋ ತಲಪಿದವನು ಅಲ್ಲಿಂದ ಕಾಣೆಯಾದ. ತಾಯಿ ಬರೆಯುತ್ತ ಕುಳಿತದ್ದರಿಂದ ಮಗ ಕೆಟ್ಟನೆಂದು ಹೇಳುವವರು ಇರುತ್ತಾರೆ. ವ್ಯಾಪಾರಿಯ ಮಗ ಕೆಟ್ಟರೆ ಜನ ತಕ್ಕಡಿಯನ್ನು ದೂರುವುದಿಲ್ಲ. ಬರೆಯುವ ತಾಯಿಯ ಮಗ ಕೆಟ್ಟರೆ ಲೆಕ್ಕಣಿಕೆಯನ್ನು ದೂರುತ್ತಾರೆ. ಹ್ಯಾರಿಯೆಟ್ ಮಾತ್ರ ಅವನ ದಾರಿಯನ್ನು ಕೊನೆಯವರೆಗೂ ಕಾಯುತ್ತಿದ್ದಳು.

ಆಕೆ 1896ರ ಜುಲೈ 1ರಂದು ಹಾರ್ಟ್‌ಫರ್ಡಿನ ತನ್ನ ಮನೆಯಲ್ಲಿ ತೀರಿಕೊಂಡಳು. ಕೊನೆಯ ವರ್ಷಗಳಲ್ಲಿ ನೆನಪು ಮಾಸಿಹೋಗಿತ್ತು. ಮನೆವಾರ್ತೆ, ಬಂದವರ ಉಪಚಾರ, ತಾಯಿಯ ಕಾಗದಪತ್ರ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಅವಳಿಜವಳಿ ಹೆಣ್ಣುಮಕ್ಕಳು, ಹ್ಯಾಟಿ ಮತ್ತು ಎಲೈಜಾ. ಇಬ್ಬರೂ ಮದುವೆಯಾಗಲಿಲ್ಲ. ಸಿನ್ಸಿನಾಟಿಯ ಅಡಿಗೆಮನೆಯಲ್ಲಿ ಕುಂಬಳಕಾಯಿಗೆ ಶುಂಠಿ ಹಾಕಲೇ ಎಂದು ಮಿನಾ ಕೇಳಿದ ಕಾಲಕ್ಕೆ ಅವರು ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದ ಕೂಸುಗಳು.